ಟೆಂಪೊ 140 ದಾಟಿದರೆ ಎಡಗೈ ಜಂಪ್ ತಪ್ಪುತ್ತಿದೆ (ಗೇಮ್ ಮ್ಯೂಸಿಕ್, 61 ಕೀ ಕೀಬೋರ್ಡ್)

ಹಾಸನ_61ಕೀ:
ಹಳೆಯ 8-ಬಿಟ್ ಶೈಲಿಯ ಗೇಮ್ ಟ್ಯೂನ್ ಒಂದನ್ನು ಪಿಯಾನೊಗೆ ಹೊಂದಿಸಿದ ಶೀಟ್ ಇದು. ಟೆಂಪೊ 180 (ನಿಮಿಷಕ್ಕೆ 180 ಬೀಟ್). ಎಡಗೈಗೆ ಪೂರ್ತಿ ಬೇಸ್ (ಕೆಳಗಿನ ಒಂಟಿ ಸ್ವರ), ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು), ಬೇಸ್, ಕಾರ್ಡ್; ಇವುಗಳ ನಡುವೆ ಕೈ ಹಾರುವುದೇ ಜಂಪ್. ಒಂದನೇ ಬೀಟ್‌ಗೆ ಸಿ2 (ಅಂಕಿ ಎಷ್ಟನೇ ಸಪ್ತಕ ಎನ್ನುತ್ತದೆ), ಎರಡನೆಯದಕ್ಕೆ ಜಿ3-ಸಿ4-ಇ4. ಆಮೇಲೆ ಎಫ್ ಮತ್ತು ಜಿ7 (ಜಿ-ಬಿ-ಡಿ-ಎಫ್) ಕಾರ್ಡ್‌ಗಳಿಗೂ ಇದೇ ಮಾದರಿ. 110ರಲ್ಲಿ ಒಂದೂ ತಪ್ಪು ಬರುವುದಿಲ್ಲ. 140 ದಾಟಿದರೆ ಕಾರ್ಡ್ ಪಕ್ಕದ ಕೀ ಮೇಲೆ ಬೀಳುತ್ತದೆ, ಮುಂಗೈ ಬಿಗಿಯುತ್ತದೆ. ಮೆಟ್ರೊನೋಮ್ (ಬೀಟ್ ಎಣಿಸುವ ಸಾಧನ) ಎರಡೆರಡು ಅಂಕಿ ಏರಿಸಿದರೂ ಅಲ್ಲೇ ನಿಲ್ಲುತ್ತದೆ. ಸ್ವರ ಉಳಿಸುವ ಪೆಡಲ್ ಹಾಕಿದಾಗ ಕೆಲವೊಮ್ಮೆ ಬೇಸ್ ಮಧ್ಯದಲ್ಲೇ ಮಾಯ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಚಿಕ್ಕಮಗಳೂರು_ಪಿಯಾನೊ:
ಸರ್, 110ರಲ್ಲಿ ಬೀಟ್‌ಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಸಮಯ ಸಿಗುತ್ತದೆ. ಕೈ ಆರಾಮವಾಗಿ ತೇಲಿಕೊಂಡು ಹೋಗಿ, ಬೀಟ್ ಬರುವ ಹೊತ್ತಿಗೆ ಕೀ ಮುಟ್ಟುತ್ತದೆ. 180ರಲ್ಲಿ ಇರುವುದು 0.33 ಸೆಕೆಂಡ್. ಅಲ್ಲಿ ತೇಲುವುದಕ್ಕೆ ಸಮಯವಿಲ್ಲ, ಕೈ ಬೇರೆಯೇ ರೀತಿ ಚಲಿಸಬೇಕು. ನಿಧಾನದಲ್ಲಿ ನೀವು ರೂಢಿಸಿಕೊಂಡ ಚಲನೆ ವೇಗದಲ್ಲಿ ಉಪಯೋಗಕ್ಕೇ ಬರುವುದಿಲ್ಲ. ಅದಕ್ಕೇ ಎರಡೆರಡು ಅಂಕಿ ಏರಿಸಿದರೂ ಫಲ ಸಿಗುತ್ತಿಲ್ಲ.

ಟೆಂಪೊ ಎಷ್ಟೇ ನಿಧಾನ ಇರಲಿ, ಜಂಪ್ ಮಾತ್ರ ಯಾವಾಗಲೂ ವೇಗವಾಗಿರಬೇಕು. ಮೆಟ್ರೊನೋಮ್ 60ಕ್ಕೆ ಇಳಿಸಿ. ಸಿ2 ಒತ್ತಿ, ಕೂಡಲೇ ಬಿಟ್ಟು, ಒಂದೇ ಸಲಕ್ಕೆ ಹಾರಿ ಕಾರ್ಡ್‌ನ ಮೂರೂ ಕೀಗಳ ಮೇಲೆ ಬೆರಳಿಡಿ. ಒತ್ತಬೇಡಿ, ಸದ್ದಿಲ್ಲದೆ ಕಾಯಿರಿ. ಬೆರಳು ಸರಿಯಾದ ಕೀ ಮೇಲಿದೆಯೇ, ಮುಂಗೈ ಸಡಿಲವಾಗಿದೆಯೇ ಎಂದು ನೋಡಿಕೊಳ್ಳುವುದು ಈ ಬಿಡುವಿನಲ್ಲೇ. ಬೀಟ್ ಬಂದಾಗ ಒತ್ತಿ, ತಕ್ಷಣ ಮುಂದಿನ ಬೇಸ್ ಮೇಲೆ ಹೋಗಿ ಮತ್ತೆ ಕಾಯಿರಿ. ಬೀಟ್‌ಗೆ ಮೊದಲೇ ತಲುಪುವುದು ಅಭ್ಯಾಸವಾಗದೆ ಟೆಂಪೊ ಏರಿಸಬೇಡಿ.

ಇದರ ಜೊತೆಗೇ ಇನ್ನೊಂದು: ಪೂರ್ತಿ 180ರಲ್ಲಿ ಒಂದೇ ಒಂದು ಜಂಪ್. ಬೇಸ್, ಕಾರ್ಡ್, ನಿಲ್ಲಿಸಿ, ಕೈ ಸಡಿಲ ಬಿಡಿ. ಅದು ಸಲೀಸಾದ ಮೇಲೆ ಬೇಸ್, ಕಾರ್ಡ್, ಬೇಸ್, ನಿಲ್ಲಿಸಿ. ಹೀಗೆ ಒಂದೊಂದೇ ಸೇರಿಸುತ್ತಾ ಹೋಗಿ. ಮುಂಗೈ ಬಿಗಿಯುವುದು ಬಿಡುವಿಲ್ಲದೆ ಜಂಪ್ ಮೇಲೆ ಜಂಪ್ ಮಾಡುವುದರಿಂದ. ನೋವು ಬಂದರೆ ಅಲ್ಲಿಗೇ ನಿಲ್ಲಿಸಿ, ನೋವಿನಲ್ಲಿ ನುಡಿಸಿ ದಾಟಿಸುವ ವಿಷಯ ಇದಲ್ಲ.

ಹಾರುವಾಗ ಕೈ ಎತ್ತರಕ್ಕೆ ಹೋಗುವುದು ಬೇಡ, ಕರಿ ಕೀಗಳಿಗೆ ತಾಗದಷ್ಟು ಎತ್ತರ ಸಾಕು. ಮಣಿಕಟ್ಟಿನಿಂದ ಎಸೆಯದೆ ಮೊಣಕೈಯಿಂದ ಇಡೀ ಮುಂಗೈಯನ್ನು ಸಾಗಿಸಿ. ಕಾರ್ಡ್‌ನ ಬೆರಳಿನ ಆಕಾರ ಗಾಳಿಯಲ್ಲೇ ಸಿದ್ಧವಾಗಬೇಕು. ಕಣ್ಣು ಕೈಗಿಂತ ಮೊದಲು ಗುರಿ ಸೇರಬೇಕು. ಹಾಗಾಗಿ ಬಲಗೈ ಟ್ಯೂನ್ ನೋಡದೆ ಬರುವಂತೆ ಬಾಯಿಪಾಠವಾಗಿರಲಿ.

ಅರಸೀಕೆರೆ_ಬೇಸ್:
ಅಭ್ಯಾಸಕ್ಕೆ ಮೊದಲು ಶೀಟನ್ನೇ ತಿದ್ದಿ. ಬಿಳಿ ಕೀ ಒಂದರ ಅಗಲ ಸುಮಾರು 23.5 ಮಿ.ಮೀ. ಸಿ2ರಿಂದ ಜಿ3ಕ್ಕೆ 11 ಕೀ, ಅಂದರೆ 26 ಸೆಂ.ಮೀ. ಅದೇ ಕಾರ್ಡನ್ನು ಇ3-ಜಿ3-ಸಿ4 ಎಂದು ಹಿಡಿದರೆ 9 ಕೀ, 21 ಸೆಂ.ಮೀ. ಎಫ್‌ಗೆ ಎಫ್3-ಎ3-ಸಿ4, ಜಿ7ಕ್ಕೆ ಎಫ್3-ಜಿ3-ಬಿ3 ಹಿಡಿಯಿರಿ. ಈಗ ಹೆಬ್ಬೆರಳು ಮೂರೂ ಕಾರ್ಡ್‌ಗಳಲ್ಲಿ ಸಿ4 ಇಲ್ಲವೇ ಅದರ ಪಕ್ಕದ ಬಿ3 ಮೇಲೇ ಇಳಿಯುತ್ತದೆ. ಮೇಲೆ ಹಾರುವಾಗ ಹೆಬ್ಬೆರಳಿನಿಂದ ಗುರಿ ಹಿಡಿಯಿರಿ, ಕೆಳಗೆ ಬರುವಾಗ ಕಿರುಬೆರಳಿನಿಂದ.

ಈ ಸಂಗೀತ ಕೈಗಾಗಿ ಹುಟ್ಟಿದ್ದಲ್ಲ ಎಂಬುದೂ ನೆನಪಿರಲಿ. 1983ರ ನಿಂಟೆಂಡೊ ಗೇಮ್ ಯಂತ್ರ ಫ್ಯಾಮಿಕಾಮ್‌ನಲ್ಲಿ ಐದು ಸೌಂಡ್ ಚಾನೆಲ್: ಎರಡು ಪಲ್ಸ್, ಒಂದು ಟ್ರಯಾಂಗಲ್ (ತ್ರಿಕೋನ ಅಲೆಯ ದನಿ), ಒಂದು ನಾಯ್ಸ್, ಒಂದು ಸ್ಯಾಂಪಲ್. ಬೇಸ್ ಸಾಮಾನ್ಯವಾಗಿ ಟ್ರಯಾಂಗಲ್‌ಗೆ ಸೇರುತ್ತಿತ್ತು, ಅದಕ್ಕೆ ದೂರದ ಚಿಂತೆಯೇ ಇಲ್ಲ. ಎರಡು ಚಾನೆಲ್‌ನ ಕೆಲಸ ಒಂದೇ ಎಡಗೈಗೆ ಬಂದಾಗ ಕಾರ್ಡ್‌ನಿಂದ ಒಂದು ಸ್ವರ ಬಿಡುವುದು ತಪ್ಪಲ್ಲ. ಜಿ7ರಲ್ಲಿ ಎಫ್ ಮತ್ತು ಬಿ ಇದ್ದರೆ ಸಾಕು, ಜಿ ಹೇಗೂ ಬೇಸ್‌ನಲ್ಲಿದೆ. ಟ್ರಯಾಂಗಲ್‌ಗೆ ದನಿ ಏರಿಳಿಸುವ ಸೌಲಭ್ಯವೂ ಇರಲಿಲ್ಲ. ನಿಮ್ಮ ಬೇಸ್ ಕೂಡ ಒಂದೇ ಸಮನಾಗಿ, ಮೊಟಕಾಗಿ ಬಂದರೆ ಟ್ಯೂನ್‌ಗೆ ಒಪ್ಪುತ್ತದೆ.

ಹಾಸನ_61ಕೀ:
ಧನ್ಯವಾದ. ಹೊಸ ಕಾರ್ಡ್ ಹಿಡಿತದಲ್ಲಿ 150ರವರೆಗೆ ಸಲೀಸು. ಈಗ ಉಳಿದಿರುವುದು ಕೆಳಗೆ ಬರುವಾಗಿನ ತಪ್ಪು: ಸಿ2 ಬದಲು ಡಿ2 ಬೀಳುತ್ತದೆ. ಬೇಸ್ ಮಾಯವಾಗುವುದೂ ಹಾಗೇ ಇದೆ.

ಚಿಕ್ಕಮಗಳೂರು_ಪಿಯಾನೊ:
ಪ್ರತಿ ಸಲವೂ ಡಿ2 ಬೀಳುತ್ತಿದ್ದರೆ ಮೊಣಕೈ ಪಕ್ಕೆಗೆ ಅಂಟಿದೆ, ಕೈ ಗುರಿಯವರೆಗೆ ಹೋಗುತ್ತಿಲ್ಲ. ಸ್ಟೂಲ್ ಸ್ವಲ್ಪ ಹಿಂದೆ ಸರಿಸಿ, ಮೊಣಕೈ ಕೀಗಳ ಮಟ್ಟಕ್ಕಿರಲಿ, ಮೈ ಎಡಕ್ಕೆ ಚೂರು ವಾಲಲಿ. ಒಮ್ಮೆ ಡಿ, ಒಮ್ಮೆ ಎಡ ಅಂಚಿನ ಕಡೆ ಬೀಳುತ್ತಿದ್ದರೆ ಕಣ್ಣು ತಡವಾಗಿ ಬರುತ್ತಿದೆ. ಮೇಲಿನಿಂದ ಮೊಬೈಲ್‌ನಲ್ಲಿ ವಿಡಿಯೊ ತೆಗೆದು ನಿಧಾನಗತಿಯಲ್ಲಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. 61 ಕೀಯಲ್ಲಿ ಸಿ2 ಎಡತುದಿಯ ಮೊದಲ ಕೀ, ಅದರಾಚೆ ಪ್ಲಾಸ್ಟಿಕ್ ಅಂಚು ಮಾತ್ರ. ಕಿರುಬೆರಳನ್ನು ಆ ಅಂಚಿಗೆ ಸವರಿ ಇಳಿಸಬಹುದು. ಆದರೆ ಎಫ್2, ಜಿ2ಗೆ ಈ ಆಸರೆ ಇಲ್ಲ, ಅಲ್ಲಿ ಮೂರು ಕರಿ ಕೀಗಳ ಗುಂಪೇ ಗುರುತು.

ಅರಸೀಕೆರೆ_ಬೇಸ್:
ಬೇಸ್ ಮಾಯವಾಗಲು ಕಾರಣ ಪಾಲಿಫೋನಿ, ಅಂದರೆ ಒಮ್ಮೆಗೆ ಮೊಳಗಬಲ್ಲ ಸ್ವರಗಳ ಮಿತಿ. ಹೊಸಬರಿಗಾಗಿನ ಕೀಬೋರ್ಡ್‌ಗಳಲ್ಲಿ ಅದು 32 ಇರುವುದುಂಟು. ಪೆಡಲ್ ಒತ್ತಿ ಹಿಡಿದರೆ ಬಲಗೈಯ ವೇಗದ ಸ್ವರಗಳೆಲ್ಲ ಎಣಿಕೆಗೆ ಸೇರುತ್ತವೆ, ಮಿತಿ ಮೀರಿದಾಗ ಸಾಮಾನ್ಯವಾಗಿ ಹಳೆಯ ಸ್ವರ ಕಡಿತವಾಗುತ್ತದೆ. ಲೇಯರ್ (ಎರಡು ವಾದ್ಯದ ದನಿ ಒಟ್ಟಿಗೆ) ಆನ್ ಇದ್ದರೆ ಒಂದು ಕೀಗೆ ಎರಡು ಲೆಕ್ಕ, ಮೊದಲು ಅದನ್ನು ಆಫ್ ಮಾಡಿ. ಪೆಡಲನ್ನು ಪ್ರತಿ ಬೇಸ್‌ಗೂ ಬದಲಿಸಿ, ಅಥವಾ 180ರಲ್ಲಿ ಬಿಟ್ಟೇಬಿಡಿ. ನನ್ನ ಮಟ್ಟಿಗೆ ಈ ಬಗೆಯ ಟ್ಯೂನ್ ಪೆಡಲ್ ಇಲ್ಲದೇ ಚೆನ್ನ. ಕಾಲು ತೆಗೆದಾಗಲೇ ಸ್ವರ ಉಳಿದು, ಒತ್ತಿದಾಗ ನಿಲ್ಲುವಂತಾದರೆ ಪೆಡಲ್ ತಿರುವುಮುರುವಾಗಿದೆ: ಕೀಬೋರ್ಡ್ ಆಫ್ ಮಾಡಿ, ಪ್ಲಗ್ ಹಾಕಿ, ಪೆಡಲ್ ಮುಟ್ಟದೆ ಆನ್ ಮಾಡಿ.

ಮೂಡಿಗೆರೆ_ಅಪ್‌ರೈಟ್:
ಇದೇ ಜಂಪ್, ಮರದ ಪಿಯಾನೊ. ಮಳೆಗಾಲದಲ್ಲಿ ಒಂದೇ ಕಾರ್ಡ್ ಎರಡನೇ ಸಲ ಒತ್ತಿದಾಗ ಜಿ3 ಸದ್ದೇ ಮಾಡುವುದಿಲ್ಲ. ಕೈಯ ತಪ್ಪೇ?

ಚಿಕ್ಕಮಗಳೂರು_ಪಿಯಾನೊ:
ಜಿ3 ಒಂದನ್ನೇ ಮೆಲ್ಲಗೆ ಒತ್ತಿ ಬಿಡಿ. ತಡವಾಗಿ ಮೇಲೆ ಬಂದರೆ ತಪ್ಪು ಕೈಯದಲ್ಲ. ತೇವಕ್ಕೆ ಮರ ಅಥವಾ ಕೀ ಒಳಗಿನ ಫೆಲ್ಟ್ (ಉಣ್ಣೆಯ ಪಟ್ಟಿ) ಉಬ್ಬಿ ಹಿಡಿಯುತ್ತಿದೆ. ಎಣ್ಣೆ, ಸ್ಪ್ರೇ ಯಾವುದನ್ನೂ ಹಾಕಬೇಡಿ, ಫೆಲ್ಟ್ ಹಾಳಾಗುತ್ತದೆ. ಪಿಯಾನೊವನ್ನು ತೇವದ ಗೋಡೆಯಿಂದ ದೂರ ಸರಿಸಿ, ಟ್ಯೂನರ್ ಕರೆಸಿ ಸಡಿಲ ಮಾಡಿಸಿ. ಅಲ್ಲಿಯವರೆಗೆ ಎಫ್3-ಸಿ4 ತರಹ ಜಿ3 ಇಲ್ಲದ ಹಿಡಿತಗಳಲ್ಲಿ ಜಂಪ್ ಅಭ್ಯಾಸ ನಡೆಸಬಹುದು.