ಎಎಂಎಸ್-02: 284 ಜಿಇವಿ ಆಚೆ ಪಾಸಿಟ್ರಾನ್ ಕುಸಿತ ಡಾರ್ಕ್ ಮ್ಯಾಟರ್ ಗುರುತಾ?

ಪ್ರಶ್ನೆ | ಕಣಕುತೂಹಲಿ
ಬಾಹ್ಯಾಕಾಶ ನಿಲ್ದಾಣದ ಕಣಪತ್ತೆ ಉಪಕರಣ ಎಎಂಎಸ್-02 ಲೆಕ್ಕದಲ್ಲಿ ಪಾಸಿಟ್ರಾನ್ (ಎಲೆಕ್ಟ್ರಾನಿನ ಧನ ವಿದ್ಯುದಂಶದ ಪ್ರತಿಕಣ) ಹರಿವು 25 ಜಿಇವಿಯಿಂದ (ಕಣದ ಶಕ್ತಿಯ ಅಳತೆ; 1000 ಜಿಇವಿ ಅಂದ್ರೆ 1 ಟಿಇವಿ) ನಿರೀಕ್ಷೆ ಮೀರಿ ಏರಿ, 284ರ ಆಚೆ ಕುಸಿಯುತ್ತೆ. 2019ರ ಪ್ರಬಂಧದಲ್ಲಿ ಕಟ್-ಆಫ್ (ಮೂಲದ ಶಕ್ತಿಯ ಮಿತಿ) 810 ಜಿಇವಿ. ಸುಮಾರು 1 ಟಿಇವಿಯ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಕಣಗಳು ಪರಸ್ಪರ ನಾಶವಾದರೆ ಹೀಗೇ ಅಲ್ವಾ ಕಾಣೋದು? ಪಾಸಿಟ್ರಾನ್ ಮೂಲ ಪಲ್ಸಾರ್ (ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರ) ಅನ್ನೋ ಕಡೆ ಯಾಕಿಷ್ಟು ಒಲವು? ಪ್ರೋಟಾನನ್ನೇ ಪಾಸಿಟ್ರಾನ್ ಅಂತ ಎಣಿಸಿಬಿಟ್ಟಿರಬಹುದಾ?

ಉತ್ತರ | ಸಿಲಿಕಾನ್ ಪದರ
ಕೊನೇದು ಮೊದಲು. ಪ್ರೋಟಾನ್, ಪಾಸಿಟ್ರಾನ್ ಎರಡಕ್ಕೂ ವಿದ್ಯುದಂಶ +1, ಹಾಗಾಗಿ ಪಥ ಬಾಗಿಸುವ ಅಯಸ್ಕಾಂತ ಒಂದೇ ಸಾಲದು. ಪ್ರೋಟಾನ್‌ಗಳು ಸಾವಿರಾರು ಪಟ್ಟು ಜಾಸ್ತಿ ಬೇರೆ. ಮೇಲಿನ ಟಿಆರ್‌ಡಿಯ (ಸಂಕ್ರಮಣ ವಿಕಿರಣ ಪತ್ತೆಕಾರಕ) 20 ಪದರಗಳಲ್ಲಿ ಹಗುರ ಪಾಸಿಟ್ರಾನ್ ಎಕ್ಸ್-ಕಿರಣ ಸೂಸುತ್ತೆ, ಕ್ಸೆನಾನ್ ತುಂಬಿದ ಕೊಳವೆಗಳು ಅದನ್ನು ಹಿಡೀತವೆ. ಅಷ್ಟೇ ಶಕ್ತಿಯ ಭಾರದ ಪ್ರೋಟಾನ್ ಬಹುತೇಕ ಸೂಸಲ್ಲ. ಕೆಳಗಿನ ಸೀಸ-ಫೈಬರ್ ಕ್ಯಾಲೊರಿಮೀಟರಿನಲ್ಲಿ (ಶಕ್ತಿ ಅಳೆಯುವ ಭಾಗ) ಪಾಸಿಟ್ರಾನ್ ಶಕ್ತಿಯನ್ನೆಲ್ಲ ಸುರಿಯುತ್ತೆ. ಆ ಶಕ್ತಿ ಪಥ ಗುರುತಿಸುವ ಟ್ರ್ಯಾಕರ್ ಅಳೆದ ಸಂವೇಗಕ್ಕೆ ತಾಳೆಯಾಗಬೇಕು. ಪ್ರೋಟಾನ್ ಇಲ್ಲೇ ಸಿಕ್ಕಿಬೀಳುತ್ತೆ.

ನಿಜವಾದ ತಲೆನೋವು ಎಲೆಕ್ಟ್ರಾನ್. ಕಾಂತಕ್ಷೇತ್ರ ಬರೀ 0.14 ಟೆಸ್ಲಾ; ನೂರಾರು ಜಿಇವಿಯಲ್ಲಿ ಪಥ ಹೆಚ್ಚುಕಡಿಮೆ ನೇರ, ಯಾವ ಕಡೆ ಬಾಗಿತು ಅನ್ನೋದೇ ಅದಲುಬದಲಾಗಬಹುದು. ಅಲ್ಲಿ ಎಲೆಕ್ಟ್ರಾನ್‌ಗಳು ಐದಾರು ಪಟ್ಟು ಇರೋದರಿಂದ ಚೂರು ತಪ್ಪೂ ದುಬಾರಿ.

ಉತ್ತರ | ಗೆಮಿಂಗಾ ಪಕ್ಷ
ಕುಸಿತದಿಂದ ಏನೂ ತೀರ್ಮಾನ ಆಗಲ್ಲ, ಪಲ್ಸಾರಿಗೂ ಗರಿಷ್ಠ ಶಕ್ತಿ ಇದ್ದೇ ಇದೆ. 1 ಟಿಇವಿ ಪಾಸಿಟ್ರಾನ್ ಕೆಲವು ಲಕ್ಷ ವರ್ಷಗಳಲ್ಲಿ ಶಕ್ತಿ ಕಳಕೊಳ್ಳುತ್ತೆ, ಹಾಗಾಗಿ ಮೂಲ ಹತ್ತಿರವೇ ಇರಬೇಕು. ಗೆಮಿಂಗಾ ಅನ್ನೋ ಪಲ್ಸಾರ್ ಸುಮಾರು 800 ಜ್ಯೋತಿರ್ವರ್ಷ ದೂರ. ಹಾಗಂತ ಪಲ್ಸಾರ್ ವಾದವೂ ಸಲೀಸಲ್ಲ: ಗೆಮಿಂಗಾ ಸುತ್ತ ಪಾಸಿಟ್ರಾನ್‌ಗಳು ತೀರಾ ನಿಧಾನವಾಗಿ ಹರಡ್ತಿವೆ ಅಂತ 2017ರಲ್ಲಿ ಹಾಕ್ ಗಾಮಾ-ಕಿರಣ ವೀಕ್ಷಣಾಲಯ ತೋರಿಸಿತು. ಆ ನಿಧಾನಗತಿ ಗೆಮಿಂಗಾ ಆಸುಪಾಸಿಗೆ ಮಾತ್ರವಾ, ದಾರಿಯುದ್ದಕ್ಕೂನಾ (ಹಾಗಿದ್ದರೆ ಅವು ನಮ್ಮನ್ನು ತಲುಪೋದೇ ಕಷ್ಟ) ಅನ್ನೋದರ ಮೇಲೇ ಎಲ್ಲ ನಿಂತಿದೆ.

ಡಾರ್ಕ್ ಮ್ಯಾಟರಿನ ಕಷ್ಟ ಇನ್ನೂ ದೊಡ್ಡದು. ಇಷ್ಟು ಪಾಸಿಟ್ರಾನ್ ಬರಬೇಕಾದರೆ ನಾಶದ ದರ ಸಹಜ ಅಂದಾಜಿನ (ಸೆಕೆಂಡಿಗೆ 3×10⁻²⁶ ಘನ ಸೆಂಮೀ) ನೂರಾರು ಪಟ್ಟು ಬೇಕು. ಅದಕ್ಕೆ ಪ್ಲಾಂಕ್ ಉಪಗ್ರಹ ಮಾಡಿದ, ಬಿಗ್ ಬ್ಯಾಂಗ್ ನಂತರ ಉಳಿದ ಹಿನ್ನೆಲೆ ವಿಕಿರಣದ ಅಳತೆ ಅಡ್ಡ ನಿಲ್ಲುತ್ತೆ.

ಉತ್ತರ | ಬಲೂನ್
ನನ್ನ ಕೇಳಿದರೆ ಪಾಸಿಟ್ರಾನ್ ಬಿಟ್ಟು, ಡಾರ್ಕ್ ಮ್ಯಾಟರ್ ನಾಶದಲ್ಲಿ ಹುಟ್ಟಬಹುದಾದ ನಿಧಾನಗತಿಯ ಆಂಟಿಡ್ಯೂಟೆರಾನ್ (ಆಂಟಿಪ್ರೋಟಾನ್, ಆಂಟಿನ್ಯೂಟ್ರಾನ್ ಜೋಡಿ) ಹುಡುಕಬೇಕು. ವಿಶ್ವಕಿರಣಗಳ ಸಾಮಾನ್ಯ ಡಿಕ್ಕಿಯಲ್ಲಿ ಅದು ಹುಟ್ಟೋಕೆ ಗುದ್ದುವ ಪ್ರೋಟಾನಿಗೆ ತನ್ನ ದ್ರವ್ಯರಾಶಿಯ 17 ಪಟ್ಟು ಶಕ್ತಿ ಬೇಕು (ಆಂಟಿಪ್ರೋಟಾನಿಗೆ 7 ಸಾಕು), ಹುಟ್ಟಿದ್ದೂ ವೇಗವಾಗೇ ಓಡುತ್ತೆ. ಹಾಗಾಗಿ ಪ್ರತಿ ನ್ಯೂಕ್ಲಿಯಾನಿಗೆ (ಪ್ರೋಟಾನ್ ಅಥವಾ ನ್ಯೂಟ್ರಾನ್ ಥರದ ಕಣ) 1 ಜಿಇವಿಗಿಂತ ಕೆಳಗೆ ಹಿನ್ನೆಲೆ ಗದ್ದಲ ಇಲ್ಲವೇ ಇಲ್ಲ ಅನ್ನಬಹುದು. ಬಲೂನಿನಲ್ಲಿ ಹಾರಿಸುವ ಗ್ಯಾಪ್ಸ್ ಉಪಕರಣವನ್ನು ಇದಕ್ಕೇ ಕಟ್ಟಿದ್ದು. ಅದರಲ್ಲಿ ಅಯಸ್ಕಾಂತ ಇಲ್ಲ: ಕಣ ಸಿಲಿಕಾನಿನಲ್ಲಿ ನಿಂತು ಪರಮಾಣುವಿಗೆ ಅಂಟಿಕೊಂಡು, ನಿಗದಿತ ಶಕ್ತಿಯ ಎಕ್ಸ್-ಕಿರಣ ಉಗುಳಿ, ಪಯಾನ್‌ಗಳಾಗಿ ಸಿಡಿಯುತ್ತೆ. ಬಲೂನ್ ಹಾರಿಸೋಕೆ ಅಂಟಾರ್ಕ್ಟಿಕಾನೇ ಯಾಕೆ ಅಂದರೆ, ಧ್ರುವಗಳಿಂದ ದೂರದಲ್ಲಿ ಭೂಮಿಯ ಕಾಂತಕ್ಷೇತ್ರ ಇಂಥ ನಿಧಾನದ ಕಣಗಳನ್ನು ಒಳಗೇ ಬಿಡಲ್ಲ.