ಮಧ್ಯಾಹ್ನದ ದೆವ್ವ: ಕ್ಯಾಥೊಲಿಕ್ ಮಠದಲ್ಲಿ ಕೇಡಿನ ಜೊತೆ ಹೋರಾಟ ಅಂದರೆ ದಿನಾ ಏನು ಮಾಡುವುದು?

ಪ್ರಶ್ನೆ – ತಿರುವುಪುಟ
ಸನ್ಯಾಸಿಗಳು ಸೈತಾನನ ಜೊತೆ ಹೋರಾಡುತ್ತಾರೆ ಅಂದಕೂಡಲೇ ಶಿಲುಬೆ, ಪವಿತ್ರ ಜಲ, ಚೀರಾಟ ಕಣ್ಮುಂದೆ ಬರುತ್ತವೆ. ಆದರೆ ಸಂತ ಬೆನೆಡಿಕ್ಟರು ಮಠಗಳಿಗಾಗಿ ಬರೆದ ನಿಯಮಾವಳಿಯ 73 ಅಧ್ಯಾಯಗಳನ್ನು ತಿರುವಿದರೂ ದೆವ್ವ ಬಿಡಿಸುವ ವಿಧಿ ಎಲ್ಲೂ ಇಲ್ಲ. ಹಾಗಾದರೆ ಅವರು ದಿನವಿಡೀ ಮಾಡುವುದೇನು? ಅವರು ಹೇಳುವ ‘ಅಸೀಡಿಯಾ’, ಅಂದರೆ ಆ ‘ಮಧ್ಯಾಹ್ನದ ದೆವ್ವ’, ಬರೀ ಸೋಮಾರಿತನವೇ?

ಉತ್ತರ – ಮರಳುಗಾಡು
ಸೋಮಾರಿತನ ಅಂದುಬಿಟ್ಟರೆ ಅರ್ಧ ತಪ್ಪುತ್ತದೆ. 4ನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಕೆಡುಕಿನ ಆಲೋಚನೆಗಳನ್ನು ಎಂಟಾಗಿ ಎಣಿಸಿದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಅಸೀಡಿಯಾ, ಹೊಗಳಿಕೆಯ ಹಂಬಲ, ಅಹಂಕಾರ. ಅಸೀಡಿಯಾ ಬೆಳಿಗ್ಗೆ ಸುಮಾರು ಹತ್ತಕ್ಕೆ ಶುರುವಾಗಿ ಎರಡರವರೆಗೆ ಕಾಡುತ್ತದಂತೆ. ಸೂರ್ಯ ಅಲ್ಲಾಡುವುದೇ ಇಲ್ಲ, ಹಗಲು ಐವತ್ತು ಗಂಟೆ ಉದ್ದ ಅನಿಸುತ್ತದೆ. ಸನ್ಯಾಸಿ ಕಿಟಕಿ ಕಡೆ ನೋಡುತ್ತಾನೆ, ಹೊರಗೆ ಬಂದು ಮೂರು ಗಂಟೆಯ ಊಟಕ್ಕೆ ಇನ್ನೆಷ್ಟು ಹೊತ್ತು ಅಂತ ಬಿಸಿಲು ಅಳೆಯುತ್ತಾನೆ, ಯಾರಾದರೂ ಬರುತ್ತಿದ್ದಾರಾ ಅಂತ ಕತ್ತು ಚಾಚುತ್ತಾನೆ. ಆಮೇಲೆ ಈ ಜಾಗದ ಮೇಲೆ, ಈ ಬದುಕಿನ ಮೇಲೆ, ಕೈಕೆಲಸದ ಮೇಲೆ ಜಿಗುಪ್ಸೆ.

ಮದ್ದು: ಆ ಹೊತ್ತಿನಲ್ಲಿ ಕೋಣೆ ಬಿಡಬಾರದು. ಬರುವ ಆಲೋಚನೆಗೆ ಅದರದೇ ಹೆಸರು ಹಿಡಿದು ಬೈಬಲಿನ ಒಂದು ಚಿಕ್ಕ ವಾಕ್ಯದಿಂದ ಎದುರುತ್ತರ ಕೊಡಬೇಕು. ಇಂಥ ವಾಕ್ಯಗಳನ್ನೇ ಅವನು ಎಂಟು ಭಾಗಗಳಲ್ಲಿ ಜೋಡಿಸಿಟ್ಟಿದ್ದಾನೆ. ಅಸೀಡಿಯಾಕ್ಕೆ 42ನೇ ಕೀರ್ತನೆ: ನನ್ನ ಮನವೇ, ಯಾಕೆ ಕುಗ್ಗಿಹೋಗಿದ್ದೀ? ಮನಸ್ಸನ್ನು ಎರಡು ಮಾಡಿಕೊಂಡು, ಒಂದು ಭಾಗ ಇನ್ನೊಂದಕ್ಕೆ ಸಮಾಧಾನ ಹೇಳಬೇಕು.

ಎಡವುವುದು ಎಲ್ಲಿ ಗೊತ್ತಾ? ಆಲೋಚನೆಯ ಜೊತೆ ವಾದಕ್ಕೆ ಕೂತಾಗ. ಉತ್ತರ ಒಂದೇ ಸಾಲಿರಬೇಕು; ಹತ್ತು ಸಾಲಾದರೆ ಅದು ಹರಟೆ. ಆಲೋಚನೆ ಬರುವುದು ನಮ್ಮ ಕೈಯಲ್ಲಿಲ್ಲ, ಅದು ತಳವೂರುವುದು ಬಿಡುವುದು ನಮ್ಮ ಕೈಯಲ್ಲಿದೆ ಅನ್ನುವುದು ಅವನ ಮಾತು. ಇನ್ನೊಂದು ಮೋಸವನ್ನು ಅವನ ನಂತರದ ಸನ್ಯಾಸಿ-ಲೇಖಕ ಕ್ಯಾಸಿಯನ್ ಹೇಳುತ್ತಾನೆ: ಅಸೀಡಿಯಾ ಪುಣ್ಯದ ವೇಷದಲ್ಲೂ ಬರುತ್ತದೆ. ‘ದೂರದಲ್ಲಿರುವ ರೋಗಿಯನ್ನು ನೋಡಿಬಾ’ ಅನ್ನುತ್ತದೆ. ಬೇಕಿರುವುದು ರೋಗಿಯಲ್ಲ, ಬಾಗಿಲು.

ಉತ್ತರ – ಏಳು ಜಾವ
ಬೆನೆಡಿಕ್ಟರ ನಿಯಮಾವಳಿಯಲ್ಲಿ ಈ ಹೋರಾಟ ವೇಳಾಪಟ್ಟಿಯಾಗಿ ಇಳಿದಿದೆ, ಅದಕ್ಕೇ ನಿಮಗೆ ಕಾಣಲಿಲ್ಲ. 48ನೇ ಅಧ್ಯಾಯ ಓದಿ: ಕೈಕೆಲಸಕ್ಕೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು. ಓದಿನ ಸಮಯದಲ್ಲಿ ಒಬ್ಬಿಬ್ಬರು ಹಿರಿಯರು ಮಠ ಸುತ್ತಿ, ಪುಸ್ತಕ ಬಿಟ್ಟು ಹರಟುತ್ತಿರುವ ‘ಅಸೀಡಿಯಾ ಹಿಡಿದ ಸಹೋದರ’ ಇದ್ದಾನಾ ನೋಡಬೇಕು. ಪದವೇ ಅಲ್ಲಿದೆ.

4ನೇ ಅಧ್ಯಾಯದಲ್ಲಿ: ಕೆಟ್ಟ ಆಲೋಚನೆ ಬಂದ ಕ್ಷಣವೇ ಅದನ್ನು ಕ್ರಿಸ್ತನಿಗೆ ಅಪ್ಪಳಿಸು, ಆಧ್ಯಾತ್ಮಿಕ ಹಿರಿಯನಿಗೆ ತಿಳಿಸು. ಬಚ್ಚಿಟ್ಟಷ್ಟೂ ಅದಕ್ಕೆ ಬಲ. ಕೇಳುವವನು ತನ್ನ ಗಾಯವನ್ನೂ ಬೇರೆಯವರ ಗಾಯವನ್ನೂ ಊರಿಗೆಲ್ಲ ಸಾರದೆ ವಾಸಿಮಾಡಬಲ್ಲವನಾಗಿರಬೇಕು (46ನೇ ಅಧ್ಯಾಯ). ಇಂದಿನ ಕಾನೂನು ಇಲ್ಲಿ ಬಿಗಿ: 1983ರ ಧರ್ಮಸಭೆಯ ಕಾನೂನು ಸಂಗ್ರಹದ 630ನೇ ನಿಯಮದ ಪ್ರಕಾರ ಮನಸ್ಸು ಬಿಚ್ಚುವಂತೆ ಮೇಲಧಿಕಾರಿ ಯಾವ ರೀತಿಯಲ್ಲೂ ಒತ್ತಾಯಿಸುವಂತಿಲ್ಲ, ಸದಸ್ಯ ತಾನಾಗಿ ಹೇಳಬಹುದು.

ರಾತ್ರಿಯ ಕೊನೆಯ ಪ್ರಾರ್ಥನೆಗೆ 4, 91, 134ನೇ ಕೀರ್ತನೆಗಳು, ದಿನಾ ಅವೇ. ‘ಮಧ್ಯಾಹ್ನದ ದೆವ್ವ’ ಬಂದಿರುವುದು 91ರ ಗ್ರೀಕ್ ಮತ್ತು ಲ್ಯಾಟಿನ್ ಅನುವಾದದಿಂದ. ಹೀಬ್ರೂವಿನಲ್ಲಿ ಅದು ನಡುಹಗಲಿನ ವಿನಾಶ ಮಾತ್ರ. ಆ ಪ್ರಾರ್ಥನೆ ಆದಮೇಲೆ ಮೌನ.

ಮರುಪ್ರಶ್ನೆ – ತಿರುವುಪುಟ
ಇದು ನಮ್ಮ ಅರಿಷಡ್ವರ್ಗದಂತೆಯೇ ಇದೆಯಲ್ಲ? ಮತ್ತೆ, ಭೂತೋಚ್ಚಾಟನೆ ಮಠದೊಳಗೆ ನಡೆಯುವುದೇ ಇಲ್ಲವೇ?

ಉತ್ತರ – ಮರಳುಗಾಡು
ಕಾಮ, ಕ್ರೋಧ, ಲೋಭ, ಮದ ಹೊಂದುತ್ತವೆ. ಮತ್ಸರ ಇವಾಗ್ರಿಯಸ್‌ನ ಪಟ್ಟಿಯಲ್ಲಿಲ್ಲ. ಅದನ್ನು ಸೇರಿಸಿದವರು ಪೋಪ್ ಗ್ರೆಗೊರಿ (590–604), ಅಸೀಡಿಯಾವನ್ನು ದುಃಖದೊಳಗೆ ಅಡಗಿಸಿದವರೂ ಅವರೇ. ದುಃಖ, ಅಸೀಡಿಯಾ ಎರಡೂ ಅರಿಷಡ್ವರ್ಗದಲ್ಲಿ ಇಲ್ಲ. ಹೋಲಿಕೆ ಅಷ್ಟಕ್ಕೇ ನಿಲ್ಲಿಸಿ.

ಉತ್ತರ – ಏಳು ಜಾವ
ಉಚ್ಚಾಟನೆಗೆ ಅದೇ ಕಾನೂನು ಸಂಗ್ರಹದ 1172ನೇ ನಿಯಮ ಇದೆ: ಸ್ಥಳೀಯ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿ ಪಡೆದ, ಭಕ್ತಿ, ಜ್ಞಾನ, ವಿವೇಕ ಇರುವ ಪಾದ್ರಿ ಮಾತ್ರ. ಸನ್ಯಾಸಿ ಅನ್ನುವ ಕಾರಣಕ್ಕೆ ಆ ಅಧಿಕಾರ ಬರುವುದಿಲ್ಲ. ಎಷ್ಟೋ ಸನ್ಯಾಸಿಗಳು ಪಾದ್ರಿಗಳೂ ಅಲ್ಲ. 1999ರ ಪರಿಷ್ಕೃತ ವಿಧಿ ಕಾಯಿಲೆಯನ್ನು, ಅದರಲ್ಲೂ ಮಾನಸಿಕ ಕಾಯಿಲೆಯನ್ನು, ದೆವ್ವ ಅಂದುಕೊಳ್ಳಬೇಡಿ ಅನ್ನುತ್ತದೆ. ಅಸೀಡಿಯಾಕ್ಕೂ ಇದೇ ಮಾತು: ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ ಮೊದಲು ವೈದ್ಯರು, ಕೀರ್ತನೆ ಜೊತೆಗೆ.