ಸಮುರಾಯ್ ಯುದ್ಧಧ್ವಜಗಳ ಬರಹಕ್ಕೆ ಇಂದು ಯಾವ ಅರ್ಥ?

ಪ್ರಶ್ನೆ

ಹದಿನಾರನೆಯ ಶತಮಾನದ ಜಪಾನಿನ ಸಮುರಾಯ್ ಒಡೆಯ ತಕೇದಾ ಶಿಂಗೆನ್‌ನ ಧ್ವಜದಲ್ಲಿದ್ದ ಗಾಳಿ, ಕಾಡು, ಬೆಂಕಿ, ಬೆಟ್ಟಗಳ ಮಾತನ್ನು ಈಗ ಅಂಗಿಗಳ ಮೇಲೂ ಗೋಡೆಚಿತ್ರಗಳಲ್ಲೂ ಧೈರ್ಯದ ಘೋಷಣೆಯಂತೆ ಬಳಸುವುದನ್ನು ಕಾಣುತ್ತೇವೆ. ರಣರಂಗದಲ್ಲಿಯೂ ಅಂತಹ ಬರಹಗಳ ಉದ್ದೇಶ ಇದೇ ಆಗಿತ್ತೇ? 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನೇ ನಿಷೇಧಿಸಿದ ಜಪಾನಿನಲ್ಲಿ ಆ ಯೋಧ ಪರಂಪರೆಯ ಯಾವ ಭಾಗ ಇಂದಿಗೂ ಜೀವಂತವಾಗಿದೆ?

ಮೊದಲ ಉತ್ತರ

ಧ್ವಜದ ಮೊದಲ ಕೆಲಸ ಗುರುತು ಹಿಡಿಯುವುದಾಗಿತ್ತು. ‘ನೊಬೊರಿ’ ಎಂಬ ಉದ್ದನೆಯ ಪತಾಕೆಯ ಬಟ್ಟೆಯನ್ನು ನೆಟ್ಟ ಕೋಲಿಗೂ ಅದರ ತುದಿಯಲ್ಲಿ ಅಡ್ಡಲಾಗಿ ಚಾಚಿದ ಕಡ್ಡಿಗೂ ಕಟ್ಟುತ್ತಿದ್ದುದರಿಂದ ಗಾಳಿ ಇಲ್ಲದಿದ್ದರೂ ಅದು ಮುದುಡದೆ, ದೂರದಿಂದಲೇ ಕಣ್ಣಿಗೆ ಬೀಳುತ್ತಿತ್ತು. ಯೋಧರು ಬೆನ್ನಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಚಿಕ್ಕ ಪತಾಕೆಗೆ ‘ಸಶಿಮೊನೊ’ ಎಂದು ಹೆಸರು.

ಬರಹಗಳ ವಿಷಯಕ್ಕೆ ಬಂದರೆ, ಅವುಗಳಲ್ಲಿ ಅನೇಕವು ಘೋಷಣೆಗಿಂತ ಪ್ರಾರ್ಥನೆಗೆ ಹತ್ತಿರವಾಗಿವೆ. ಶಿಂಗೆನ್‌ನ ಎದುರಾಳಿ ಉಯೆಸುಗಿ ಕೆನ್‌ಶಿನ್‌ನ ಧ್ವಜದಲ್ಲಿದ್ದ ಒಂದೇ ಒಂದು ಅಕ್ಷರ ಅವನ ಆರಾಧ್ಯದೈವ ಬಿಶಮೊನ್‌ತೆನ್‌ನನ್ನು, ಅಂದರೆ ಬೌದ್ಧಧರ್ಮದೊಡನೆ ಅಲ್ಲಿಗೆ ತಲುಪಿದ ನಮ್ಮ ವೈಶ್ರವಣನನ್ನು, ಸೂಚಿಸುತ್ತದೆ. ತೊಕುಗಾವಾ ಇಯೆಯಾಸುವಿನ ಧ್ವಜವಂತೂ ಕಲುಷಿತವಾದ ಈ ಲೋಕವನ್ನು ತೊರೆದು ಬುದ್ಧನ ಪರಿಶುದ್ಧ ಲೋಕವನ್ನು ಅರಸಬೇಕೆನ್ನುತ್ತದೆ. ದೇಶವನ್ನೇ ಗೆದ್ದವನ ಧ್ವಜದಲ್ಲಿ ವೈರಾಗ್ಯದ ಮಾತು! ಸನಾದಾ ಮನೆತನದ ಲಾಂಛನದ ಆರು ನಾಣ್ಯಗಳು ಸತ್ತವರು ಪರಲೋಕದ ನದಿಯನ್ನು ದಾಟಲು ಕೊಡಬೇಕಾದ ಸುಂಕ. ಇಂತಹ ಧ್ವಜಗಳ ಕೆಳಗೆ ನಿಂತವನಿಗೆ ಶೌರ್ಯಕ್ಕಿಂತ ಮೊದಲು ನೆನಪಾಗುತ್ತಿದ್ದುದು ಸಾವೇ ಇರಬೇಕೆಂದು ನನಗನ್ನಿಸುತ್ತದೆ.

ಶಿಂಗೆನ್‌ನ ಬರಹ ಇವುಗಳಿಗಿಂತ ಬೇರೆ. ಅದು ಚೀನಾದ ಸುನ್ ತ್ಸುವಿನ ಯುದ್ಧಶಾಸ್ತ್ರದಿಂದ ಆಯ್ದ ಸಾಲು: ಗಾಳಿಯಂತೆ ವೇಗ, ಕಾಡಿನಂತೆ ಮೌನ, ಬೆಂಕಿಯಂತೆ ದಾಳಿ, ಬೆಟ್ಟದಂತೆ ಅಚಲತೆ. ಮೂಲದಲ್ಲಿ ಇದರ ಮುಂದೆಯೇ ಕತ್ತಲೆಯಂತೆ ಅಗೋಚರವಾಗಿರಬೇಕು, ಸಿಡಿಲಿನಂತೆ ಚಲಿಸಬೇಕು ಎಂಬ ಇನ್ನೆರಡು ಮಾತುಗಳಿವೆ. ಧ್ವಜದಲ್ಲಿ ಅವು ಇಲ್ಲ. ಸೈನ್ಯ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂಬ ಲೆಕ್ಕಾಚಾರವೇ ಈ ಸಾಲಿನ ತಿರುಳಾದ್ದರಿಂದ ಅದನ್ನು ಕೇವಲ ಕೆಚ್ಚಿನ ಮಾತೆಂದು ಓದುವುದು ಅರ್ಧ ಓದಷ್ಟೇ.

ಎರಡನೆಯ ಉತ್ತರ

ಜೀವಂತ ಪರಂಪರೆಯನ್ನು ನೋಡಬೇಕೆಂದಿದ್ದರೆ ಫುಕುಶಿಮಾ ಪ್ರಾಂತ್ಯದ ಸೋಮಾ ನೊಮಾಒಯಿ ಉತ್ಸವವನ್ನು ಗಮನಿಸಿ. ಅಲ್ಲಿ ಕವಚ ತೊಟ್ಟ ನೂರಾರು ಸವಾರರು ಮನೆತನದ ಪತಾಕೆಗಳನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಮೆರವಣಿಗೆ ಹೊರಡುತ್ತಾರೆ. ಆಮೇಲೆ ಬಾಣಬಿರುಸಿನೊಡನೆ ಆಕಾಶಕ್ಕೆ ಹಾರಿಸಿದ ಪವಿತ್ರ ಧ್ವಜಗಳು ಕೆಳಗಿಳಿಯುವಾಗ ಅವನ್ನು ಹಿಡಿಯಲು ಕುದುರೆಗಳ ಮೇಲೆಯೇ ಮುಗಿಬೀಳುತ್ತಾರೆ. 2011ರ ಭೂಕಂಪ, ಸುನಾಮಿ ಮತ್ತು ಅಣುಸ್ಥಾವರದ ದುರಂತದಿಂದ ಆ ಪ್ರದೇಶದ ಜನ ಮನೆಮಠ ಬಿಟ್ಟು ಚದುರಿಹೋದ ವರ್ಷದಲ್ಲಿಯೂ ಉತ್ಸವವನ್ನು ಚಿಕ್ಕದಾಗಿಯಾದರೂ ನಡೆಸಿದರು. ಬೇಸಿಗೆಯ ಸೆಕೆ ಕುದುರೆಗಳಿಗೂ ಸವಾರರಿಗೂ ಅಪಾಯಕಾರಿಯಾದ ಕಾರಣ ಜುಲೈ ಕೊನೆಯಲ್ಲಿ ನಡೆಯುತ್ತಿದ್ದ ಅದನ್ನು 2024ರಿಂದ ಮೇ ತಿಂಗಳಿಗೆ ತಂದಿದ್ದಾರೆ. ಹಾಗೆ ದಿನಾಂಕ ಬದಲಿಸಿಕೊಂಡದ್ದರಿಂದ ಪರಂಪರೆಗೆ ಕುಂದಾಯಿತೆಂದು ನಾನು ಭಾವಿಸುವುದಿಲ್ಲ.

ಮೂರನೆಯ ಉತ್ತರ

ಉತ್ಸವದ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ಯೋಧ ಪರಂಪರೆ’ ಎಂಬ ಮಾತನ್ನು ತುಸು ಎಚ್ಚರದಿಂದ ಬಳಸಬೇಕು. ‘ಬುಶಿದೊ’ ಎಂದು ಜಗತ್ತು ಇಂದು ತಿಳಿದಿರುವ ಸುಸಂಬದ್ಧ ನೀತಿಸಂಹಿತೆಗೆ ರೂಪ ಕೊಟ್ಟದ್ದರಲ್ಲಿ, ಸಮುರಾಯ್ ವರ್ಗವೇ ಇಲ್ಲವಾದ ಮೇಲೆ, 1900ರಲ್ಲಿ ನಿತೊಬೆ ಇನಾಜೊ ಇಂಗ್ಲಿಷಿನಲ್ಲಿ ಪ್ರಕಟಿಸಿದ ಪುಸ್ತಕದ ಪಾಲು ದೊಡ್ಡದು. ಆ ಸಂಹಿತೆ ಎತ್ತಿಹಿಡಿಯುವುದು ನಿಷ್ಠೆಯನ್ನು; ಆದರೆ 1600ರ ಸೆಕಿಗಹಾರಾ ಕದನದ ನಡುವೆಯೇ ಪಕ್ಷ ಬದಲಿಸಿ ಫಲಿತಾಂಶವನ್ನು ತಿರುಗಿಸಿದ ಕೊಬಯಾಕಾವಾ ಹಿದೆಯಾಕಿಯೂ ಸಮುರಾಯ್ ಒಡೆಯನೇ ಆಗಿದ್ದ. ನಂತರ ಅದೇ ಬುಶಿದೊದ ಹೆಸರಿನಲ್ಲಿ 1945ರವರೆಗೆ ಸೈನಿಕರಿಗೆ ಸಾಯುವುದನ್ನೇ ಕರ್ತವ್ಯವೆಂದು ಬೋಧಿಸಲಾಯಿತು ಎಂಬುದನ್ನೂ ಮರೆಯುವಂತಿಲ್ಲ.

ಇಷ್ಟಾಗಿಯೂ, ಯಾರೂ ಗಮನಿಸದ ಕಡೆ ಒಂದು ಧ್ವಜಸ್ಮೃತಿ ಉಳಿದುಕೊಂಡಿದೆ. ಎರಡು ಯೋಧ ಮನೆತನಗಳ ನಡುವೆ 1180ರಿಂದ 1185ರವರೆಗೆ ನಡೆದ ಯುದ್ಧದಲ್ಲಿ ತೈರಾ ಪಕ್ಷದ ಧ್ವಜ ಕೆಂಪು, ಮಿನಮೊತೊ ಪಕ್ಷದ್ದು ಬಿಳಿ. ಜಪಾನಿನ ಶಾಲಾ ಕ್ರೀಡಾಕೂಟಗಳಲ್ಲಿ ಮಕ್ಕಳನ್ನು ಇಂದಿಗೂ ಕೆಂಪು ಮತ್ತು ಬಿಳಿ ತಂಡಗಳಾಗಿಯೇ ವಿಂಗಡಿಸುತ್ತಾರೆ.